ಮನೆತನದ ಮಾತಿಗೆ ಕಾಗದದ ಆಧಾರ ಬೇಡವೇ? ಮೆಕ್ಸಿಕೋದ ಬೆಳ್ಳಿ ಮತ್ತು ಮಡಕೆ ಅಂಗಡಿಗಳ ಕುರಿತು

ಜಗತ್ತಿನ ಗಣಿಗಳಿಂದ ಪ್ರತಿವರ್ಷ ಹೊರಬರುವ ಬೆಳ್ಳಿಯಲ್ಲಿ ಅತಿ ದೊಡ್ಡ ಪಾಲು ಮೆಕ್ಸಿಕೋ ದೇಶದ್ದು. ಅದರ ಬಹುಭಾಗ ಗಟ್ಟಿಯ ರೂಪದಲ್ಲಿಯೇ ಹೊರದೇಶಗಳಿಗೆ ಸಾಗುತ್ತದೆ. ಉಳಿದುದರಲ್ಲಿ ಒಂದಂಶವು ಅಲ್ಲಿನ ಅಕ್ಕಸಾಲಿಗರ ಕೈಸೇರಿ ಬಳೆ, ಸರ, ಉಂಗುರಗಳಾಗಿ ಚಿಕ್ಕ ಚಿಕ್ಕ ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಕುಳಿತುಕೊಳ್ಳುತ್ತದೆ. ಅದೇ ಬೀದಿಗಳಲ್ಲಿ ಬಣ್ಣಬಣ್ಣದ ಮಣ್ಣಿನ ತಟ್ಟೆ, ಹೂಜಿ, ಹೂದಾನಿಗಳ ಅಂಗಡಿಗಳೂ ಇರುತ್ತವೆ. ಈ ಎರಡೂ ವ್ಯಾಪಾರಗಳು ಇಂದಿಗೂ ಬಹುಮಟ್ಟಿಗೆ ಕುಟುಂಬಗಳ ಕೈಯಲ್ಲಿಯೇ ಇವೆ. ಹಿಂದಿನ ಕೋಣೆಯಲ್ಲಿ ತಂದೆ ಮಕ್ಕಳು ಕೆಲಸ ಮಾಡುವುದು, ಮುಂದಿನ ಕೋಣೆಯಲ್ಲಿ ತಾಯಿ ಅಥವಾ ಸೊಸೆ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವುದು ಅಲ್ಲಿ ಸಾಮಾನ್ಯ ದೃಶ್ಯ.

ಪ್ರವಾಸಿ ಕೈಪಿಡಿಗಳು ಇಂಥ ಅಂಗಡಿಗಳ ಬಗ್ಗೆ ಸಾಮಾನ್ಯವಾಗಿ ಎರಡು ಉಪದೇಶಗಳನ್ನು ಕೊಡುತ್ತವೆ: ಚೌಕಾಸಿ ಮಾಡಿರಿ, ನಗದು ಕೊಡಿರಿ. ಮೂರು ದಶಕಗಳಿಂದ ಕುಟುಂಬ ವ್ಯವಹಾರಗಳ ಕಿರ್ದಿ ಖಾತೆಗಳನ್ನು ನೋಡುತ್ತ ಬಂದಿರುವ ನನಗೆ, ಈ ಎರಡೂ ಉಪದೇಶಗಳು ಒಳ್ಳೆಯ ಅಂಗಡಿಯನ್ನು ಕೆಟ್ಟ ಅಂಗಡಿಯ ಮಟ್ಟಕ್ಕೆ ಇಳಿಸುವಂಥವು ಎನ್ನಿಸಿದೆ. ಕುಟುಂಬದ ಅಂಗಡಿಯ ನಿಜವಾದ ಬಂಡವಾಳವೆಂದರೆ ಅದರ ಹೆಸರು. ಆ ಹೆಸರು ಸರಕಿನ ಮೇಲೆ ಮುದ್ರೆಯಾಗಿ, ರಸೀದಿಯ ಮೇಲೆ ಬರಹವಾಗಿ ಮೂಡದಿದ್ದರೆ ಅದರ ಲಾಭವು ನಕಲಿ ಮಾಲಿನವನ ಪಾಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಸದಸ್ಯರಲ್ಲಿ ಹಲವರು ವಾಣಿಜ್ಯ ಮೇಳಗಳಿಗೆಂದು ಆ ಕಡೆಗೆ ಹೋಗಿಬರುತ್ತಾರೆ. ಇನ್ಫೋಸಿಸ್‌ನಂಥ ನಮ್ಮ ನಾಡಿನ ಸಂಸ್ಥೆಯೇ ಮಾಂಟೆರ್ರೆ ನಗರದಲ್ಲಿ ಕೇಂದ್ರ ತೆರೆದು ವರ್ಷಗಳು ಕಳೆದಿವೆ. ಮಕ್ಕಳು ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ನೆಲೆಸಿರುವವರಂತೂ ಗಡಿ ದಾಟಿ ಒಂದೆರಡು ದಿನ ಅಲ್ಲಿ ತಿರುಗಾಡದೆ ಬರುವುದಿಲ್ಲ. ಆದುದರಿಂದ ಈ ವಿಷಯವನ್ನು ಪ್ರವಾಸಿಗನ ಕಣ್ಣಿಗಿಂತ ವರ್ತಕನ ಕಣ್ಣಿನಿಂದ ನೋಡುವುದು ಉಚಿತ.

ಬೆಳ್ಳಿಯ ಊರು ಟಾಸ್ಕೊ

ರಾಜಧಾನಿ ಮೆಕ್ಸಿಕೋ ನಗರದ ನೈರುತ್ಯಕ್ಕೆ, ಗೆರೆರೊ ರಾಜ್ಯದ ಬೆಟ್ಟದ ಇಳಿಜಾರಿನಲ್ಲಿ ಟಾಸ್ಕೊ ಪಟ್ಟಣವಿದೆ. ಹದಿನೆಂಟನೆಯ ಶತಮಾನದಲ್ಲಿ ಹೋಸೆ ದೆ ಲಾ ಬೋರ್ದಾ ಎಂಬ ಗಣಿ ಧನಿಕನು ಬೆಳ್ಳಿಯಿಂದ ಗಳಿಸಿದ ಹಣದಲ್ಲಿ ಕಟ್ಟಿಸಿದ ಸಾಂತಾ ಪ್ರಿಸ್ಕಾ ಚರ್ಚು ಇಂದಿಗೂ ಊರಿನ ನಡುವೆ ಎದ್ದು ಕಾಣುತ್ತದೆ. ಆದರೆ ಗಣಿಯಿದ್ದ ಊರಿನಲ್ಲಿ ಆಭರಣದ ಕಸುಬು ದೊಡ್ಡದಾಗಿ ಬೆಳೆದದ್ದು ತೀರ ಈಚೆಗೆ. 1929ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಅಮೆರಿಕದ ವಾಸ್ತುಶಿಲ್ಪಿ ವಿಲಿಯಂ ಸ್ಪ್ರಾಟ್ಲಿಂಗ್, 1931ರಲ್ಲಿ ಕೆಲವೇ ಕುಶಲಕರ್ಮಿಗಳನ್ನು ಇಟ್ಟುಕೊಂಡು ಒಂದು ಕಾರ್ಯಾಗಾರ ತೆರೆದನು. ಐರೋಪ್ಯ ವಿನ್ಯಾಸಗಳನ್ನು ಬಿಟ್ಟು ಆ ನೆಲದ ಪುರಾತನ ಶಿಲ್ಪಗಳ ರೇಖೆಗಳನ್ನು ಬೆಳ್ಳಿಗೆ ಇಳಿಸಿದ್ದು ಅವನ ಸಾಧನೆ.

ವ್ಯವಹಾರ ಮಾಡುವವರು ಅವನ ಕಥೆಯ ಉತ್ತರಾರ್ಧವನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಆಭರಣಗಳು ಅಮೆರಿಕಕ್ಕೆ ಬರುವುದು ನಿಂತಾಗ ಅಲ್ಲಿನ ದೊಡ್ಡ ಮಳಿಗೆಗಳು ಟಾಸ್ಕೊ ಕಡೆಗೆ ತಿರುಗಿದವು. ಕಾರ್ಯಾಗಾರದಲ್ಲಿ ನೂರಾರು ಮಂದಿ ದುಡಿಯುವಂತಾಯಿತು. ಹೆಚ್ಚಿದ ಬೇಡಿಕೆಗೆ ಬಂಡವಾಳ ಬೇಕಲ್ಲವೇ? ಸಂಸ್ಥೆಯು ಷೇರು ಕಂಪನಿಯಾಯಿತು, ಹೊರಗಿನ ಹೂಡಿಕೆದಾರನ ಕೈಗೆ ಹಿಡಿತ ಹೋಯಿತು, ಯುದ್ಧ ಮುಗಿಯುವ ಹೊತ್ತಿಗೆ ಕಂಪನಿ ಕುಸಿದುಬಿತ್ತು. ಸ್ಪ್ರಾಟ್ಲಿಂಗ್ ಊರಾಚೆಯ ತೋಟಕ್ಕೆ ಸರಿದು ಚಿಕ್ಕ ಪ್ರಮಾಣದಲ್ಲಿ ಮತ್ತೆ ಕೆಲಸ ಹಿಡಿದನು, 1967ರಲ್ಲಿ ತೀರಿಕೊಂಡನು. ಅವನಲ್ಲಿ ಕಲಿತು ಹೊರಬಂದವರು ಮಾತ್ರ ಸ್ವಂತ ಮನೆತನದ ಹೆಸರಿನಲ್ಲಿ ನೆಲೆಯೂರಿದರು. ಕಾಸ್ತಿಯೋ ಸಹೋದರರು 1939ರಲ್ಲಿ ತಮ್ಮದೇ ಕಾರ್ಯಾಗಾರ ಆರಂಭಿಸಿದರು. ಆಂತೋನಿಯೊ ಪಿನೇದಾ, ಎಕ್ತೊರ್ ಅಗಿಲಾರ್ ಮೊದಲಾದವರ ಮುದ್ರೆಯುಳ್ಳ ಹಳೆಯ ಆಭರಣಗಳಿಗೆ ಇಂದು ಹರಾಜಿನಲ್ಲಿ ಬೆಳ್ಳಿಯ ತೂಕಕ್ಕೆ ಸಂಬಂಧವೇ ಇಲ್ಲದ ಬೆಲೆ ಬರುತ್ತದೆ. ಕಂಪನಿಯ ರೂಪವೇ ತಪ್ಪು ಎಂದು ನಾನು ಹೇಳುವುದಿಲ್ಲ. ಎಷ್ಟೋ ಕಂಪನಿಗಳನ್ನು ನೋಂದಣಿ ಮಾಡಿಸಿಕೊಟ್ಟವನೇ ನಾನು. ಟಾಸ್ಕೊದಲ್ಲಿ ಉಳಿದು ಬಂದದ್ದು ಒಬ್ಬ ಕೆಲಸಗಾರನ ಹೆಸರಿಗೆ ಅಂಟಿಕೊಂಡ ಜವಾಬ್ದಾರಿ ಎಂಬುದನ್ನಷ್ಟೇ ಇಲ್ಲಿ ಗಮನಕ್ಕೆ ತರುತ್ತಿದ್ದೇನೆ.

ಆ ಜವಾಬ್ದಾರಿಯನ್ನು ಗುರುತಿಸಲು ಸರ್ಕಾರವೂ ಒಂದು ಕ್ರಮವನ್ನು ತಂದಿತು. 1948ರ ಸುಮಾರಿಗೆ ಬೆಳ್ಳಿ ಸಾಮಾನುಗಳ ಮೇಲೆ ಹದ್ದಿನ ಚಿಹ್ನೆಯ ಮುದ್ರೆ, ಅದರೊಳಗೆ ತಯಾರಕನನ್ನು ಸೂಚಿಸುವ ಸಂಖ್ಯೆ ಬರತೊಡಗಿತು. 1979ರ ಸುಮಾರಿಗೆ ಹದ್ದು ಹೋಗಿ ಅಕ್ಷರ ಮತ್ತು ಸಂಖ್ಯೆಯ ಪದ್ಧತಿ ಬಂತು. ಮೊದಲ ಅಕ್ಷರ ಊರಿನದು, ಎರಡನೆಯದು ತಯಾರಕನ ಹೆಸರಿನದು, ನಂತರ ಅವನ ಕ್ರಮಸಂಖ್ಯೆ. ಇವುಗಳ ಜೊತೆಗೆ 925 ಎಂಬ ಅಂಕೆಯಿರುತ್ತದೆ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಎಂದು ಅದರ ಅರ್ಥ. ಬರಿಯ 925 ಎಂಬ ಅಂಕೆಯನ್ನು ನಾನು ದೊಡ್ಡ ಪುರಾವೆಯೆಂದು ಎಣಿಸುವುದಿಲ್ಲ. ಅಂಕೆಯ ಅಚ್ಚು ಯಾರ ಬಳಿಯೂ ಇರಬಹುದು. ಅದರ ಪಕ್ಕದಲ್ಲಿ ಯಾರದೋ ಒಬ್ಬರ ಹೆಸರಿನ ಗುರುತು ಇದ್ದಾಗ ಮಾತ್ರ ಕೇಳಲು ಒಂದು ವಿಳಾಸ ಸಿಕ್ಕಂತಾಗುತ್ತದೆ. ಅಲ್ಲಿ 'ಅಲ್ಪಾಕಾ' ಎಂಬ ಹೆಸರಿನಲ್ಲಿಯೂ ಹೊಳೆಯುವ ಒಡವೆಗಳು ಧಾರಾಳವಾಗಿ ದೊರೆಯುತ್ತವೆ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ನಮ್ಮವರು ಜರ್ಮನ್ ಸಿಲ್ವರ್ ಎನ್ನುವುದು ಅದನ್ನೇ. ಅದರಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ. ಅಲ್ಪಾಕಾ ಎಂದು ಹೇಳಿಯೇ ಮಾರುವವನು ಪ್ರಾಮಾಣಿಕ ವರ್ತಕ. ಹೇಳದೆ ಮಾರುವವನಿಂದ ಪೆಟ್ಟು ಬೀಳುವುದು ಗ್ರಾಹಕನಿಗೆ ಒಮ್ಮೆ, ಪಕ್ಕದ ಅಂಗಡಿಯ ಅಕ್ಕಸಾಲಿಗನಿಗೆ ಪ್ರತಿದಿನ.

ಚೌಕಾಸಿಯ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾನು ಟಾಸ್ಕೊಗೆ ಹೋಗಿದ್ದಾಗ ಗಮನಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಶನಿವಾರದ ಬೆಳ್ಳಿ ಸಂತೆಯಲ್ಲಿ ಸಗಟಾಗಿ ಕೊಳ್ಳುವವರೇ ಹೆಚ್ಚು. ಅಲ್ಲಿ ತಕ್ಕಡಿ ಮೊದಲು, ಮಾತು ಆಮೇಲೆ. ಸರಪಳಿಗಳನ್ನು, ಸಾದಾ ಬಳೆಗಳನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಊರೊಳಗಿನ ಕುಟುಂಬದ ಅಂಗಡಿಗಳಲ್ಲಿ ತಕ್ಕಡಿಯು ಮೂಲೆಯಲ್ಲಿರುತ್ತದೆ. ಬೆಲೆಯು ಒಡವೆಗೆ, ಕೆಲಸಕ್ಕೆ. ಗ್ರಾಹಕನು ಸಂತೆಯ ದರವನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಬಂದು ಬೆಲೆಯನ್ನು ಅರ್ಧಕ್ಕೆ ಕೇಳುತ್ತಾನೆ. ಅಂಗಡಿಯವರು ತೂಕವನ್ನು ಹೇಳದಿರುವುದರಿಂದ ಅವನ ಅನುಮಾನಕ್ಕೆ ಉತ್ತರವೂ ಸಿಗುವುದಿಲ್ಲ.

ನಮ್ಮ ಊರುಗಳ ಚಿನ್ನ ಬೆಳ್ಳಿ ಅಂಗಡಿಗಳಲ್ಲಿ ಲೋಹದ ಬೆಲೆ ಬೇರೆ, ಮಜೂರಿ ಬೇರೆ ಎಂದು ಬರೆದುಕೊಡುವ ರೂಢಿಯಿದೆ. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೇವೆ ಎನ್ನಬಹುದು. ಇದರ ಮಹತ್ವವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. 40 ಗ್ರಾಂ ತೂಕದ 925ರ ಒಂದು ಕಡಗವಿದೆಯೆಂದು ಭಾವಿಸೋಣ. ಅದರಲ್ಲಿರುವ ಶುದ್ಧ ಬೆಳ್ಳಿ 37 ಗ್ರಾಂ. ಅಂತರರಾಷ್ಟ್ರೀಯ ಪೇಟೆಯ ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ. 2024ರ ಆರಂಭದಲ್ಲಿ ಬೆಳ್ಳಿಯ ದರ ಔನ್ಸಿಗೆ 25 ಡಾಲರಿನ ಒಳಗಿತ್ತು. 25 ಎಂದೇ ಹಿಡಿದರೂ ಕಡಗದಲ್ಲಿರುವ ಲೋಹದ ಬೆಲೆ ಸುಮಾರು 30 ಡಾಲರ್. ಕಡಗವನ್ನು 90 ಡಾಲರಿಗೆ ಮಾರಿದರೆ ಕೆಲಸಕ್ಕೆ, ಬಾಡಿಗೆಗೆ, ಲಾಭಕ್ಕೆ ಸೇರಿ 60 ಡಾಲರ್ ಉಳಿಯಿತು. 2025ರ ಅಕ್ಟೋಬರಿನಲ್ಲಿ ಬೆಳ್ಳಿಯು 50 ಡಾಲರ್ ದಾಟಿತು. ಆ ದರದಲ್ಲಿ ಅದೇ ಕಡಗದ ಲೋಹ ಸುಮಾರು 60 ಡಾಲರ್. ಕೆಲಸದ ಪಾಲು ಮೊದಲಿನಷ್ಟೇ ಇರಬೇಕಾದರೆ ಕಡಗಕ್ಕೆ 120 ಡಾಲರ್ ಹೇಳಬೇಕು. ಗ್ರಾಹಕನು ಅಷ್ಟನ್ನು ಒಪ್ಪದೆ 100 ಡಾಲರಿಗೆ ನಿಂತರೆ ಕೆಲಸದ ಪಾಲು 40ಕ್ಕೆ ಇಳಿಯಿತು. ಅದರ ಮೇಲೆ ಅವನು ಶೇಕಡ 15ರಷ್ಟು ರಿಯಾಯಿತಿ ಕೇಳಿ ಪಡೆದನೆನ್ನಿ. ಅವನ ಲೆಕ್ಕದಲ್ಲಿ ಅದು ಶೇಕಡ 15. ಅಕ್ಕಸಾಲಿಗನ ಲೆಕ್ಕದಲ್ಲಿ 40ರಲ್ಲಿ 15 ಹೋಯಿತು, ಎಂದರೆ ಶೇಕಡ 37.5. ಲೋಹದ ದರದಲ್ಲಿ ಬಿಡಲು ಅವನ ಕೈಯಲ್ಲಿ ಏನೂ ಇಲ್ಲ. ಚೌಕಾಸಿಯ ಪ್ರತಿಯೊಂದು ಡಾಲರೂ ದುಡಿಮೆಯಿಂದಲೇ ಕಳೆಯುತ್ತದೆ.

ತೂಕವನ್ನೂ ಮಜೂರಿಯನ್ನೂ ಪ್ರತ್ಯೇಕವಾಗಿ ಚೀಟಿಯ ಮೇಲೆ ಬರೆದಿಟ್ಟರೆ ಈ ಸಂಗತಿ ಗ್ರಾಹಕನಿಗೂ ಕಾಣಿಸುತ್ತದೆ. ಆಗಲೂ ಕೇಳುವವರು ಕೇಳುತ್ತಾರೆ. ಆದರೆ ಯಾವುದನ್ನು ಕಡಿಮೆ ಮಾಡೆಂದು ಕೇಳುತ್ತಿದ್ದೇನೆ ಎಂಬ ಅರಿವಿನಿಂದ ಕೇಳುತ್ತಾರೆ. ಹಾಗೆ ಬರೆದರೆ ಕುಶಲ ಕೆಲಸವನ್ನು ಗ್ರಾಂ ಲೆಕ್ಕಕ್ಕೆ ಇಳಿಸಿದಂತಾಗುತ್ತದೆ ಎಂದು ಕೆಲವು ಕಲಾವಿದರು ಆಕ್ಷೇಪಿಸುವುದುಂಟು. ಹೆಸರಾಂತ ವಿನ್ಯಾಸಕನ ಮಟ್ಟಿಗೆ ಆ ಮಾತು ನಿಜವಿರಬಹುದು. ದಿನಕ್ಕೆ ಹತ್ತು ಉಂಗುರ ಮಾರಿ ಸಂಸಾರ ನಡೆಸುವ ಅಂಗಡಿಗೆ ಅದು ಅನ್ವಯಿಸುವುದಿಲ್ಲ.

ದರ ಏರಿದಾಗ ಹಳೆಯ ದಾಸ್ತಾನು ಇರುವ ಅಂಗಡಿಗೆ ಲಾಭವೇ ತಾನೆ ಎಂದು ಕೇಳುವವರಿದ್ದಾರೆ. ಪುಸ್ತಕದಲ್ಲಿ ಲಾಭ ಕಾಣುವುದು ಹೌದು. 30 ಡಾಲರಿನ ಬೆಳ್ಳಿಯಿಂದ ಮಾಡಿದ ಕಡಗ 100 ಡಾಲರಿಗೆ ಹೋದರೆ ಯಾವ ಲೆಕ್ಕಿಗನೂ ಲಾಭವೆಂದೇ ಬರೆಯುತ್ತಾನೆ. ಆದರೆ ಮರುದಿನ ಅದೇ ಕಡಗ ಮಾಡಲು 60 ಡಾಲರಿನ ಬೆಳ್ಳಿ ಕೊಳ್ಳಬೇಕು. ಲಾಭವೆಂದು ಮನೆಖರ್ಚಿಗೆ ತೆಗೆದ ಹಣ ನಿಜದಲ್ಲಿ ಅಂಗಡಿಯ ಮೂಲ ಬಂಡವಾಳವೇ ಆಗಿರುತ್ತದೆ. ಪಟ್ಟಣಕ್ಕೆ ಸ್ವಂತ ಗಣಿಯ ಆಸರೆಯೂ ಈಗ ಇಲ್ಲ. 2007ರಲ್ಲಿ ಆರಂಭವಾದ ಕಾರ್ಮಿಕರ ಮುಷ್ಕರದೊಂದಿಗೆ ಟಾಸ್ಕೊದ ದೊಡ್ಡ ಗಣಿಯ ಕೆಲಸ ನಿಂತುಹೋಯಿತು. ಬೆಳ್ಳಿಯ ಊರಿನವರೂ ಬೆಳ್ಳಿಯನ್ನು ಹೊರಗಿನಿಂದ, ಪೇಟೆಯ ದರಕ್ಕೇ ತರಬೇಕು.

ಮಣ್ಣಿನ ಪಾತ್ರೆಗೆ ಒರೆಗಲ್ಲು ಯಾವುದು?

ಬೆಳ್ಳಿಯನ್ನು ಉಜ್ಜಿ ನೋಡಬಹುದು, ತೂಗಬಹುದು. ಮಡಕೆಯನ್ನು ಏನು ಮಾಡುವುದು? ಇಲ್ಲಿ ಹೆಸರಿನ ಬೆಲೆ ಇನ್ನೂ ಹೆಚ್ಚು.

ಪುಯೆಬ್ಲಾ ನಗರದ ತಲವೇರಾ ಪಿಂಗಾಣಿಯು ಸ್ಪೇನಿನವರೊಂದಿಗೆ ಬಂದ ವಿದ್ಯೆ. ಎರಡು ಬಗೆಯ ಜೇಡಿಮಣ್ಣನ್ನು ಬೆರೆಸಿ, ಒಮ್ಮೆ ಸುಟ್ಟು, ತವರದ ಅಂಶವುಳ್ಳ ಬಿಳಿಯ ಲೇಪ ಕೊಟ್ಟು, ಕೈಯಿಂದ ಚಿತ್ರ ಬರೆದು, ಎರಡನೆಯ ಬಾರಿ ಸುಡುತ್ತಾರೆ. ಹದಿನೇಳನೆಯ ಶತಮಾನದ ಮಧ್ಯದಲ್ಲಿಯೇ ಅಲ್ಲಿನ ಕುಂಬಾರರ ಸಂಘವು ಮಣ್ಣು, ಬಣ್ಣ, ಗುರುತುಗಳ ಬಗ್ಗೆ ಕಟ್ಟಳೆಗಳನ್ನು ಮಾಡಿಕೊಂಡಿತ್ತು ಎಂಬುದನ್ನು ನಮ್ಮಂಥ ವರ್ತಕ ಸಂಘದ ಓದುಗರು ವಿಶೇಷವಾಗಿ ಗಮನಿಸಬೇಕು. 1995ರಲ್ಲಿ ಮೆಕ್ಸಿಕೋ ಸರ್ಕಾರವು ಇದಕ್ಕೆ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ನಿಗದಿತ ಪ್ರದೇಶದಲ್ಲಿ, ನಿಗದಿತ ವಿಧಾನದಲ್ಲಿ ಮಾಡಿ ಪ್ರಮಾಣಪತ್ರ ಪಡೆದ ಕಾರ್ಯಾಗಾರಗಳು ಮಾತ್ರ ಆ ಹೆಸರನ್ನು ಬಳಸಬಹುದು. ನೀಲಿ, ಹಳದಿ, ಹಸಿರು, ಕಿತ್ತಳೆ, ಕಪ್ಪು ಮತ್ತು ತಿಳಿ ನೇರಳೆ ಬಣ್ಣಗಳಿಗಷ್ಟೇ ಅಲ್ಲಿ ಅವಕಾಶ. 2019ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸ್ಪೇನಿನ ಪಿಂಗಾಣಿಯೊಂದಿಗೆ ಇದು ಸೇರಿತು. 1824ರಲ್ಲಿ ಸ್ಥಾಪನೆಯಾದ ಉರಿಯಾರ್ತೆ ಕಾರ್ಯಾಗಾರ ಇಂದಿಗೂ ನಡೆಯುತ್ತಿದೆ.

ಆದರೂ ಅದೇ ಬಗೆಯ ಬಣ್ಣದ ಪಿಂಗಾಣಿಯನ್ನು ಗ್ವಾನಾಹ್ವಾತೊ ರಾಜ್ಯದ ದೊಲೊರೆಸ್ ಇದಾಲ್ಗೊ ಪಟ್ಟಣದವರು ರಾಶಿ ರಾಶಿಯಾಗಿ, ಬಹಳ ಅಗ್ಗವಾಗಿ ತಯಾರಿಸುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಮಾಡುವವರೂ ಕಷ್ಟಪಟ್ಟು ದುಡಿಯುವ ಕುಟುಂಬಗಳೇ. ಅವರ ಸರಕನ್ನು ಅವರ ಊರಿನ ಹೆಸರಿನಲ್ಲಿ ಮಾರಿದರೆ ಯಾರ ತಕರಾರೂ ಇಲ್ಲ. ದೇಶದೊಳಗೂ ಗಡಿಯಾಚೆಗೂ ಎಷ್ಟೋ ಅಂಗಡಿಗಳಲ್ಲಿ ಅದನ್ನು ತಲವೇರಾ ಎಂದೇ ಕರೆದು ಮಾರುತ್ತಾರೆ. ತಟ್ಟೆಯನ್ನು ತಿರುಗಿಸಿ ತಳವನ್ನು ನೋಡುವ ಗ್ರಾಹಕರು ಬಹಳ ಕಡಿಮೆ. ನೋಡಬೇಕಾದ ಕಾರ್ಯಾಗಾರದ ಹೆಸರು, ಪ್ರಮಾಣೀಕರಣದ ಗುರುತು ಎರಡೂ ಅಲ್ಲಿಯೇ ಇರುತ್ತವೆ.

ಉತ್ತರದ ಚಿವಾವಾ ರಾಜ್ಯದ ಮಾತಾ ಒರ್ತೀಸ್ ಹಳ್ಳಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಅಲ್ಲಿ ಹುವಾನ್ ಕೆಸಾದಾ ಎಂಬ ಬಡ ಯುವಕನು ಹತ್ತಿರದ ಪಾಕಿಮೆಯ ಪುರಾತನ ಮಡಕೆ ಚೂರುಗಳನ್ನು ನೋಡಿ, ಗುರುವಿಲ್ಲದೆ, ಮಣ್ಣು ಹದಮಾಡುವುದರಿಂದ ಹಿಡಿದು ಬಣ್ಣ ತೆಗೆಯುವವರೆಗೆ ಎಲ್ಲವನ್ನೂ ತಾನೇ ಕಂಡುಕೊಂಡನು. ಅವನ ಮಡಕೆಗಳು ದಲ್ಲಾಳಿಗಳ ಕೈಯಲ್ಲಿ ಹೆಸರಿಲ್ಲದೆ ಗಡಿ ದಾಟುತ್ತಿದ್ದವು. ಹಳೆಯ ಕಾಲದವೆಂದು ಮಾರಿದ್ದೂ ಉಂಟು. 1976ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಡೆಮಿಂಗ್ ಎಂಬ ಊರಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅಂಥ ಮೂರು ಮಡಕೆಗಳನ್ನು ಕಂಡ ಮಾನವಶಾಸ್ತ್ರಜ್ಞ ಸ್ಪೆನ್ಸರ್ ಮೆಕ್ಯಾಲಮ್, ಮಾಡಿದವರು ಯಾರೆಂದು ಹುಡುಕುತ್ತ ಆ ಹಳ್ಳಿಯನ್ನು ತಲುಪಿದರು. ಅಲ್ಲಿಂದಾಚೆಗೆ ಕೆಸಾದಾ ಹೆಸರು ಲೋಕಕ್ಕೆ ತಿಳಿಯಿತು. 1999ರಲ್ಲಿ ಅವರಿಗೆ ಮೆಕ್ಸಿಕೋದ ರಾಷ್ಟ್ರೀಯ ಪ್ರಶಸ್ತಿ ಬಂತು; 2022ರಲ್ಲಿ ಅವರು ನಿಧನರಾದರು. ಇಂದು ಆ ಹಳ್ಳಿಯಲ್ಲಿ ನೂರಾರು ಮಂದಿ ಈ ಕಸುಬಿನಲ್ಲಿದ್ದಾರೆ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮಡಕೆಯ ತಳದಲ್ಲಿ ಮಾಡಿದವರ ಸಹಿಯಿರುತ್ತದೆ. ಮಣ್ಣು ಅದೇ, ಕೈಗಳೂ ಅವೇ. ಸಹಿ ಬಿದ್ದ ಮೇಲೆ ದಲ್ಲಾಳಿಯ ಪಾಲು ಕುಂಬಾರನ ಕಡೆಗೆ ಸರಿಯಿತು. ಹೆಸರಿಗೆ ಹಣದ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ದಕ್ಷಿಣದ ವಹಾಕಾ ರಾಜ್ಯದ ಸಾನ್ ಬಾರ್ತೊಲೊ ಕೊಯೋತೆಪೆಕ್ ಹಳ್ಳಿಯ ಕರಿ ಮಡಕೆಗಳ ಬಗ್ಗೆಯೂ ಒಂದು ಮಾತು. ಹಿಂದೆ ಅವು ನೀರಿಗೂ ಮದ್ಯಕ್ಕೂ ಬಳಸುವ ಬೂದು ಬಣ್ಣದ ಒರಟು ಪಾತ್ರೆಗಳಾಗಿದ್ದವು. 1950ರ ದಶಕದಲ್ಲಿ ದೋನ್ಯಾ ರೋಸಾ ಎಂಬ ಕುಂಬಾರ ಮಹಿಳೆ, ಅರೆ ಒಣಗಿದ ಮಡಕೆಯನ್ನು ಬೆಣಚುಕಲ್ಲಿನಿಂದ ಉಜ್ಜಿ ಕಡಿಮೆ ಶಾಖದಲ್ಲಿ ಸುಟ್ಟರೆ ಕಪ್ಪು ಹೊಳಪು ಬರುತ್ತದೆಂದು ಕಂಡುಕೊಂಡರು. ಊರೆಲ್ಲ ಅದನ್ನು ಅನುಸರಿಸಿತು. ಅವರ ಮನೆತನದ ಅಂಗಡಿ ಈಗಲೂ ಇದೆ. ಹೊಳಪು ಬಂದ ಮಡಕೆ ನೀರನ್ನು ಹಿಡಿದಿಡುವುದಿಲ್ಲ. ಅದು ಅಲಂಕಾರಕ್ಕೆ ಮಾತ್ರ. ಕೊಳ್ಳುವಾಗ ಅದನ್ನು ತಿಳಿಸುವವನೇ ಒಳ್ಳೆಯ ವರ್ತಕ, ಹೂದಾನಿಯೆಂದು ಮಾರಿ ಸುಮ್ಮನಾಗುವವನಲ್ಲ.

ಇವೆಲ್ಲಕ್ಕಿಂತ ಗಂಭೀರವಾದದ್ದು ಸೀಸದ ಪ್ರಶ್ನೆ. ಅಡುಗೆಗೆ, ಊಟಕ್ಕೆ ಬಳಸುವ ಅಗ್ಗದ ಹೊಳಪಿನ ಮಣ್ಣಿನ ಪಾತ್ರೆಗಳಿಗೆ ಮೆಕ್ಸಿಕೋದಲ್ಲಿ ಬಹುಕಾಲದಿಂದ ಸೀಸದ ಆಕ್ಸೈಡಿನ ಲೇಪವನ್ನು ಕೊಡುತ್ತ ಬಂದಿದ್ದಾರೆ. ಕಡಿಮೆ ಶಾಖದ ಸೌದೆ ಆವಿಗೆಯಲ್ಲಿ ಸುಲಭವಾಗಿ ಕರಗಿ ಹೊಳಪು ಕೊಡುವುದು ಅದರ ಗುಣ. ಹುಳಿ ಪದಾರ್ಥ ಹಾಕಿದಾಗ ಸೀಸವು ಆಹಾರಕ್ಕೆ ಇಳಿಯುತ್ತದೆ. ಮೊದಲು ಅಪಾಯಕ್ಕೆ ಸಿಲುಕುವವರು ಕುಂಬಾರನ ಮನೆಯ ಮಕ್ಕಳೇ. ಅಲ್ಲಿನ ಸರ್ಕಾರವು ಸೀಸದ ಮಿತಿಯ ಬಗ್ಗೆ ಅಧಿಕೃತ ಮಾನದಂಡವನ್ನು ಹೊರಡಿಸಿದೆ. 1974ರಲ್ಲಿ ಸ್ಥಾಪಿತವಾದ ಕರಕುಶಲ ನಿಧಿ ಫೊನಾರ್ಟ್ ಸಂಸ್ಥೆಯು ಸೀಸರಹಿತ ಲೇಪದ ಪ್ರಚಾರ ಮಾಡಿದೆ. ಸೀಸವನ್ನು ಬಿಟ್ಟ ಕುಟುಂಬಗಳು ಹಲವು ಇವೆ. ಅವರ ಸಂಕಷ್ಟವನ್ನು ವರ್ತಕರು ಅರ್ಥಮಾಡಿಕೊಳ್ಳಬಲ್ಲರು: ಹೊಸ ಲೇಪ, ಹೊಸ ಆವಿಗೆ ಎಂದು ಖರ್ಚು ಮಾಡಿದ ಮೇಲೂ ಅವರ ಪಾತ್ರೆಗೂ ಹಳೆಯ ಪಾತ್ರೆಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಸಂತೆಯಲ್ಲಿ ಒಂದೇ ಹಾಸಿನ ಮೇಲೆ ಎರಡೂ ಕುಳಿತರೆ ಅಗ್ಗದ್ದೇ ಗೆಲ್ಲುತ್ತದೆ. 'ಸೀಸರಹಿತ' ಎಂದು ಪಾತ್ರೆಯ ಮೇಲೆ ಹೆಸರಿನೊಂದಿಗೆ ಬರೆದು, ಅದನ್ನೇ ರಸೀದಿಯಲ್ಲಿಯೂ ಬರೆದುಕೊಟ್ಟರೆ ಸುಳ್ಳು ಹೇಳಿದವನನ್ನು ಹಿಡಿದು ಕೇಳಲು ಆಧಾರವಾಗುತ್ತದೆ. ಊಟದ ಪಾತ್ರೆಯನ್ನು ಈ ಬರಹವಿಲ್ಲದೆ ಕೊಳ್ಳಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಗೋಡೆಗೆ ನೇತುಹಾಕುವ ತಟ್ಟೆಯಾದರೆ ಚಿಂತೆಯಿಲ್ಲ.

ರಸೀದಿ ಬೇಕೇ, ಬೇಡವೇ?

ಅಲ್ಲಿನ ಅಂಗಡಿಗಳಲ್ಲಿ ಬೆಲೆ ಕೇಳಿದಾಗ ರಸೀದಿಯೊಂದಿಗೋ, ರಸೀದಿಯಿಲ್ಲದೆಯೋ ಎಂಬ ಮರುಪ್ರಶ್ನೆ ಬರುವುದು ಅಪರೂಪವಲ್ಲ. ನಮ್ಮ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ. ಮೆಕ್ಸಿಕೋದ ಮೌಲ್ಯವರ್ಧಿತ ತೆರಿಗೆಯ ಸಾಮಾನ್ಯ ದರ 2010ರಿಂದ ಶೇಕಡ 16. ನಮ್ಮಲ್ಲಿ ಬೆಳ್ಳಿ ಆಭರಣದ ಮೇಲಿನ ಜಿಎಸ್‌ಟಿ ಶೇಕಡ 3. ಶೇಕಡ 3ಕ್ಕಾಗಿ ರಸೀದಿ ತಪ್ಪಿಸುವವರು ನಮ್ಮಲ್ಲಿರುವಾಗ ಶೇಕಡ 16ರ ಆಕರ್ಷಣೆ ಎಷ್ಟೆಂದು ಊಹಿಸಬಹುದು.

ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಚಿಕ್ಕ ವರ್ತಕರಿಗೆಂದು ಅಲ್ಲಿ 2022ರಲ್ಲಿ ಒಂದು ಸರಳ ಆದಾಯ ತೆರಿಗೆ ಪದ್ಧತಿ ಬಂದಿದೆ. ವರ್ಷಕ್ಕೆ 35 ಲಕ್ಷ ಪೆಸೊ ಒಳಗಿನ ಆದಾಯವುಳ್ಳ ವ್ಯಕ್ತಿಗಳು ರಸೀದಿ ಕೊಟ್ಟು ಪಡೆದ ಮೊತ್ತದ ಮೇಲೆ ಶೇಕಡ 1ರಿಂದ 2.5ರವರೆಗೆ ತೆರಿಗೆ ಕೊಟ್ಟರೆ ಸಾಕು. ಕೇಳಲು ನಮ್ಮ ರಾಜಿ ತೆರಿಗೆಯಂತೆ, ಎಂದರೆ ಕಾಂಪೊಸಿಷನ್ ಪದ್ಧತಿಯಂತೆ ಇದೆ. ಆದರೆ ನಮ್ಮ ಪದ್ಧತಿಯಲ್ಲಿ ಶೇಕಡ 1 ಕೊಟ್ಟವನು ಗ್ರಾಹಕನಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಅಲ್ಲಿನದು ಆದಾಯ ತೆರಿಗೆಗೆ ಮಾತ್ರ ಸಂಬಂಧಿಸಿದ್ದು; ಶೇಕಡ 16ರ ಮೌಲ್ಯವರ್ಧಿತ ತೆರಿಗೆ ಹಾಗೆಯೇ ಉಳಿಯುತ್ತದೆ. ಖರ್ಚುಗಳನ್ನು ಕಳೆಯಲು ಅವಕಾಶವಿಲ್ಲದೆ ಒಟ್ಟು ವಸೂಲಿಯ ಮೇಲೆ ತೆರಿಗೆ ಬೀಳುವುದರಿಂದ, ಬೆಳ್ಳಿಯ ದರ ಏರಿದಾಗ ಅಕ್ಕಸಾಲಿಗನ ಲಾಭ ಹೆಚ್ಚದಿದ್ದರೂ ವಸೂಲಿಯ ಮೊತ್ತ ಹಿಗ್ಗಿ ಮೇಲಿನ ದರಕ್ಕೆ ಏರಿಬಿಡುತ್ತಾನೆ. ಅಲ್ಲಿನ ಶಾಸನ ರಚಿಸಿದವರು ಅಮೂಲ್ಯ ಲೋಹದ ಕಸುಬಿಗೆ ಮಜೂರಿಯ ಮೇಲಷ್ಟೇ ಲೆಕ್ಕ ಹಿಡಿಯುವ ಅವಕಾಶ ಕೊಡಬೇಕಿತ್ತು. ಇದರ ಜೊತೆಗೆ ಗೆರೆರೊ ರಾಜ್ಯದಲ್ಲಿ ಅಪರಾಧಿ ಗುಂಪುಗಳು ವರ್ತಕರಿಂದ ಬಲವಂತವಾಗಿ ಹಣ ಕೀಳುವ ಪಿಡುಗು ಇದೆ. ಆ ಖರ್ಚಿಗೆ ರಸೀದಿಯೂ ಇಲ್ಲ, ಕಳೆಯಲು ಖಾತೆಯೂ ಇಲ್ಲ. ಲೆಕ್ಕ ಹೊರಗೆ ಕಂಡಷ್ಟೂ ವಸೂಲಿಗಾರರ ಕಣ್ಣು ಬೀಳುತ್ತದೆಂಬ ಭಯವಿದ್ದರೆ ಅದನ್ನು ನೆಪವೆಂದು ಕರೆಯಲು ನನಗೆ ಮನಸ್ಸು ಬಾರದು.

ಆದರೂ ರಸೀದಿಯಿಲ್ಲದ ಅಂಗಡಿಯು ಕಳೆದುಕೊಳ್ಳುವುದು ಏನು ಎಂಬುದನ್ನು ನೋಡಬೇಕು. ರಸೀದಿ ಕೊಡದವನು ಬೆಳ್ಳಿಯನ್ನೂ ರಸೀದಿಯಿಲ್ಲದೆಯೇ ಕೊಳ್ಳುತ್ತಾನೆ. ಹಾಗಾಗಿ ಆ ಬೆಳ್ಳಿಯ ಶುದ್ಧತೆಗೆ ಅವನ ಬಳಿಯೂ ಆಧಾರವಿಲ್ಲ. ತಾನು ಕೊಟ್ಟ ತೆರಿಗೆಯನ್ನು ಮುಂದಿನದರಲ್ಲಿ ಕಳೆದುಕೊಳ್ಳುವ ಹಕ್ಕೂ ಇಲ್ಲ. ಬ್ಯಾಂಕಿಗೆ ತೋರಿಸಲು ವಹಿವಾಟಿಲ್ಲದ್ದರಿಂದ ದರ ಏರಿದಾಗ ದಾಸ್ತಾನಿಗೆ ಸಾಲವೂ ಹುಟ್ಟುವುದಿಲ್ಲ. ಮುಖ್ಯವಾಗಿ, ಅಲ್ಲಿನ ತೆರಿಗೆ ಕಾನೂನಿನ ಕಣ್ಣಿಗೆ ಕಾಣುವುದು ವ್ಯಕ್ತಿ ಅಥವಾ ಕಂಪನಿ ಮಾತ್ರ. ನಮ್ಮ ಅವಿಭಕ್ತ ಕುಟುಂಬದಂತೆ ಕುಟುಂಬಕ್ಕೇ ಒಂದು ಖಾತೆಯಿಲ್ಲ. ಅಂಗಡಿ ತಂದೆಯ ಹೆಸರಿನಲ್ಲಿದ್ದು, ಅದರ ನಿಜವಾದ ವಹಿವಾಟು ಎಲ್ಲಿಯೂ ದಾಖಲಾಗದಿದ್ದರೆ, ತಂದೆ ತೀರಿಕೊಂಡ ದಿನ ಮಕ್ಕಳಿಗೆ ಸಿಗುವುದು ಗಾಜಿನ ಪೆಟ್ಟಿಗೆಗಳು ಮತ್ತು ತೂಕಕ್ಕೆ ಮಾರಬಹುದಾದ ಬೆಳ್ಳಿ. ಗಿರಾಕಿಗಳ ಪಟ್ಟಿ, ಯಾವ ವಿನ್ಯಾಸ ಯಾರಿಗೆ ಹೋಯಿತು ಎಂಬ ಲೆಕ್ಕ, ಇವೆಲ್ಲ ತಂದೆಯ ನೆನಪಿನೊಂದಿಗೇ ಹೋಗುತ್ತವೆ. ನಾನು ನಮ್ಮಲ್ಲಿಯೇ ಇಂಥ ಅಂಗಡಿಗಳ ಪಾಲುಪಟ್ಟಿ ಮಾಡಿಕೊಟ್ಟಿದ್ದೇನೆ. ಅಢಾವೆ ಪತ್ರಿಕೆಯಲ್ಲಿ ಸುನಾಮಕ್ಕೆ ಎಷ್ಟು ಬರೆಯೋಣವೆಂದು ಅಣ್ಣ ತಮ್ಮಂದಿರನ್ನು ಕೇಳಿದರೆ ಒಬ್ಬ ಸೊನ್ನೆ ಎನ್ನುತ್ತಾನೆ, ಇನ್ನೊಬ್ಬ ಲಕ್ಷಗಳನ್ನು ಹೇಳುತ್ತಾನೆ. ಇಬ್ಬರ ಬಳಿಯೂ ತೋರಿಸಲು ಕಾಗದವಿರುವುದಿಲ್ಲ.

ನಮ್ಮ ಬೀದರಿನ ಬಿದ್ರಿ ಕೆಲಸಕ್ಕೂ ಇದರೊಡನೆ ನೇರವಾದ ಸಾಮ್ಯವಿದೆ. ಸತು ಮತ್ತು ತಾಮ್ರದ ಕಪ್ಪು ಮೈಯಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸುವ ಆ ಕಸುಬಿಗೆ ಭೌಗೋಳಿಕ ಸೂಚಕದ ನೋಂದಣಿಯಿದೆ. ಆ ಕಾಯಿದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ನೋಂದಣಿಯು ಊರಿನ ಹೆಸರನ್ನು ಕಾಪಾಡುತ್ತದೆ; ಒಂದು ಹೂಜಿಯಲ್ಲಿ ಎಷ್ಟು ಬೆಳ್ಳಿಯಿದೆ, ಕೂರಿಸಿದವರು ಯಾರು ಎಂಬುದನ್ನು ಹೇಳುವುದಿಲ್ಲ. ಚಿನ್ನದ ಒಡವೆಗೆ 2021ರ ಜೂನ್‌ನಿಂದ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಬೆಳ್ಳಿಗೆ ವಿಶಿಷ್ಟ ಗುರುತು ಸಂಖ್ಯೆಯ ಹಾಲ್‌ಮಾರ್ಕ್ 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದದ್ದು ಐಚ್ಛಿಕ ನೆಲೆಯಲ್ಲಿ. ಐಚ್ಛಿಕವಾಗಿರುವಾಗಲೇ ಅದನ್ನು ಮಾಡಿಸಿಕೊಳ್ಳುವ ಅಂಗಡಿಗೆ ಪಕ್ಕದ ಅಂಗಡಿಯಿಂದ ಬೇರೆಯಾಗಿ ಕಾಣುವ ಲಾಭವಿದೆ. ಎಲ್ಲರಿಗೂ ಕಡ್ಡಾಯವಾದ ಮೇಲೆ ಆ ಲಾಭ ಉಳಿಯುವುದಿಲ್ಲ. ಬೆಳ್ಳಿ ವ್ಯಾಪಾರದಲ್ಲಿರುವ ಸದಸ್ಯರು ಇದನ್ನು ಖರ್ಚಿನ ಬಾಬ್ತಿನಲ್ಲಿ ಸೇರಿಸದೆ ಬೇರೆಯಾಗಿ ಯೋಚಿಸಬೇಕು.

ಮೆಕ್ಸಿಕೋಗೆ ಹೋಗುವವರಿಗೆ ಇನ್ನೊಂದು ವಿಷಯ. ವಿದೇಶೀಯನಿಗೆ ತೆರಿಗೆ ನೋಂದಣಿ ಇಲ್ಲದ್ದರಿಂದ ಅಧಿಕೃತ ರಸೀದಿ ಕೊಡಲು ಬರುವುದಿಲ್ಲ ಎಂದು ಕೆಲವು ಅಂಗಡಿಯವರು ಹೇಳುತ್ತಾರೆ. ಅದು ಸರಿಯಲ್ಲ. ವಿದೇಶೀಯ ಗ್ರಾಹಕರಿಗೆಂದೇ ಅಲ್ಲಿನ ತೆರಿಗೆ ಇಲಾಖೆಯು ಒಂದು ಸಾಮಾನ್ಯ ನೋಂದಣಿ ಸಂಖ್ಯೆಯನ್ನು ಇಟ್ಟಿದೆ. ಅದನ್ನು ನಮೂದಿಸಿ ವಿದ್ಯುನ್ಮಾನ ರಸೀದಿ ಹೊರಡಿಸಬಹುದು. ವಿಮಾನ ಅಥವಾ ಹಡಗಿನ ಮೂಲಕ ದೇಶ ಬಿಡುವ ಪ್ರವಾಸಿಗಳಿಗೆ ಖರೀದಿಯ ಮೇಲಿನ ತೆರಿಗೆಯನ್ನು ಮರಳಿಸುವ ಅವಕಾಶವನ್ನೂ ಅಲ್ಲಿನ ಕಾಯಿದೆ ಕೊಟ್ಟಿದೆ. ಒಂದು ರಸೀದಿ ಕನಿಷ್ಠ 1,200 ಪೆಸೊ ಮೊತ್ತದ್ದಾಗಿರಬೇಕು, ಅಂಗಡಿಯು ಆ ವ್ಯವಸ್ಥೆಗೆ ಸೇರಿರಬೇಕು. ಕುಟುಂಬದ ಅಂಗಡಿಗಳಲ್ಲಿ ಸೇರಿರುವವು ಕಡಿಮೆ. ಅದು ಸಿಗದಿದ್ದರೂ ಕೈಬರಹದ ಒಂದು ಚೀಟಿಯನ್ನಾದರೂ ಕೇಳಿ ಪಡೆಯಿರಿ: ಒಡವೆಯ ತೂಕ, 925 ಹೌದೋ ಅಲ್ಲವೋ, ಒಳಗಿನ ಮುದ್ರೆಯ ಅಕ್ಷರ ಮತ್ತು ಸಂಖ್ಯೆ, ಪಾತ್ರೆಯಾದರೆ ಸೀಸದ ವಿಷಯ, ಕೆಳಗೆ ಅಂಗಡಿಯವರ ಹೆಸರು ಮತ್ತು ವಿಳಾಸ. ನಾನು ಕೇಳಿದ ಅಂಗಡಿಗಳಲ್ಲಿ ಮೂರರಲ್ಲಿ ಸಂತೋಷದಿಂದ ಬರೆದುಕೊಟ್ಟರು. ನಾಲ್ಕನೆಯ ಕಡೆ, ಇದ್ದಕ್ಕಿದ್ದಂತೆ ಬೆಲೆಯನ್ನು ಇನ್ನಷ್ಟು ಇಳಿಸುತ್ತೇವೆಂದರು.